ಹಳೇ ಟ್ರಾಮಿಗಾಗಿ ಒಂದು ದಿನ ಕೊಡಬಹುದಾ?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ ಸಣ್ಣ ಕಾಫಿ ತೋಟ. ನನಗೆ 67 ವರ್ಷ. ಚಿಕ್ಕಂದಿನಿಂದ ರೈಲು ಅಂದರೆ ಪ್ರಾಣ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಮುಗಿಸಿಕೊಂಡು ನಾನೂ ನನ್ನ ಹೆಂಡತಿಯೂ ಅಮೆರಿಕದ ಫ್ರೀಮಾಂಟಿನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಕಾಫಿ ಕುಯ್ಲಿಗೆ ಮೊದಲು ವಾಪಸ್. ಅಲ್ಲೇ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಪ್ಪತ್ತು, ಎಂಬತ್ತು ವರ್ಷದ ಹಳೇ ಟ್ರಾಮ್‌ಗಳನ್ನು ರಿಪೇರಿ ಮಾಡಿ ಓಡಿಸುತ್ತಾರೆ ಅಂತ ಓದಿದೆ. ಅಳಿಯ ಮಾತ್ರ ‘ಅದು ಟೂರಿಸ್ಟರಿಗೆ ಮಾಡಿದ ಶೋ ಮಾವ, ಸುಮ್ನೆ ಒಂದು ದಿನ ಹಾಳು’ ಅನ್ನುತ್ತಾರೆ. ನಿಜವಾ? ಒಳಗಿನ ಯಂತ್ರವೂ ಹಳೆಯದಾ, ಇಲ್ಲ ಹೊರಗಿನ ಬಣ್ಣ ಮಾತ್ರವಾ? ಒಂದು ದಿನದಲ್ಲಿ ಹೋಗಿ ಬರುವುದು ಹೇಗೆ? ಹೆಂಡತಿಗೆ ಮಂಡಿನೋವು ಇದೆ, ಹತ್ತಲು ಆಗುತ್ತದಾ?

ಉತ್ತರ: ಇಡೀ ದಿನ ಕೊಡಿ. ಅನುಮಾನವೇ ಬೇಡ. ಸಾಧ್ಯವಾದರೆ ಅಳಿಯನನ್ನೂ ಕರೆದುಕೊಂಡು ಹೋಗಿ.

ನಾನು ರೈಲ್ವೆಯಲ್ಲಿ ವಿದ್ಯುತ್ ಎಂಜಿನ್‌ಗಳ ಕೆಲಸ ಮಾಡಿ ನಿವೃತ್ತನಾಗಿ ಈಗ ಮಡಿಕೇರಿಯಲ್ಲಿ ಇರುವವನು. ಆ ಟ್ರಾಮ್‌ಗಳಲ್ಲಿ ಎರಡು ಸಲ ಓಡಾಡಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ‘ಶೋ’ ಅನ್ನುವ ಮಾತು. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಅಲ್ಲಿಯ ಎಫ್ ಲೈನ್ ಅನ್ನುವುದು ಊರಿನ ಬಸ್ಸಿನ ಹಾಗೆ ದಿನವೂ ಓಡುವ ಒಂದು ಮಾರ್ಗ. ಕ್ಯಾಸ್ಟ್ರೋ ಅನ್ನುವ ಬಡಾವಣೆಯಿಂದ ಹೊರಟು ಊರಿನ ದೊಡ್ಡ ಬೀದಿ ಮಾರ್ಕೆಟ್ ಸ್ಟ್ರೀಟ್ ಉದ್ದಕ್ಕೂ ಬಂದು, ಸಮುದ್ರದಂಡೆಗೆ ತಿರುಗಿ, ಫಿಶರ್‌ಮನ್ಸ್ ವಾರ್ಫ್ ಅನ್ನುವ ಹಳೇ ಮೀನುಗಾರರ ಬಂದರಿನವರೆಗೆ ಹೋಗುತ್ತದೆ. ಸುಮಾರು ಹತ್ತು ಕಿಲೋಮೀಟರ್. ಟಿಕೆಟ್ ದರ ಊರಿನ ಬಸ್ಸಿನದೇ. ಅದರಲ್ಲಿ ಆಫೀಸಿಗೆ ಹೋಗುವವರು, ತರಕಾರಿ ಚೀಲ ಹಿಡಿದ ಅಜ್ಜಿಯರು, ಶಾಲೆ ಮಕ್ಕಳು ಎಲ್ಲರೂ ಕೂತಿರುತ್ತಾರೆ. ಅವರ ಮಧ್ಯೆ ನಮ್ಮಂಥ ಪ್ರವಾಸಿಗರೂ ಇರುತ್ತಾರೆ. ಪ್ರವಾಸಿಗರು ಹತ್ತುತ್ತಾರೆ ಅಂದ ಮಾತ್ರಕ್ಕೆ ಅದು ಶೋ ಆಗುವುದಿಲ್ಲ, ಅಲ್ವಾ? ನಮ್ಮ ಭಾಗಮಂಡಲದ ಬಸ್ಸಿಗೂ ಪ್ರವಾಸಿಗರು ಹತ್ತುತ್ತಾರೆ.

ನಿಮ್ಮ ಕಡೆ ತೋಟಗಳಲ್ಲಿ ಕಾಫಿ ಹಣ್ಣು ಸುಲಿಯುವ ಹಳೇ ಪಲ್ಪರ್ ಎರಡು ಬಗೆಯದು ನೋಡಿರುತ್ತೀರಿ. ಒಂದು ಶೆಡ್ಡಿನ ಮೂಲೆಯಲ್ಲಿ ಬಣ್ಣ ಬಳಿಸಿಕೊಂಡು ಸುಮ್ಮನೆ ನಿಂತಿರುವುದು. ಇನ್ನೊಂದು ಪ್ರತಿ ವರ್ಷ ಕುಯ್ಲಿಗೆ ಮೊದಲು ಬೇರಿಂಗ್ ಬದಲಿಸಿ, ಗ್ರೀಸ್ ಹಾಕಿ, ಹಣ್ಣು ಸುಲಿಯಲು ಹಚ್ಚುವುದು. ಎರಡನೆಯದರ ಬಿಡಿಭಾಗ ಅರ್ಧಕ್ಕರ್ಧ ಬದಲಾಗಿರಬಹುದು. ಆದರೂ ನಾವು ಅದನ್ನು ‘ಅಜ್ಜನ ಕಾಲದ ಪಲ್ಪರ್’ ಅಂತಲೇ ಕರೆಯುತ್ತೇವೆ. ಎಫ್ ಲೈನಿನ ಬಂಡಿಗಳು ಆ ಎರಡನೆಯ ಜಾತಿ.

ಇನ್ನು ಯಂತ್ರದ ಮಾತು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಿದ್ದರೆ ಕೂತ ಆ ಒಂದು ಗಂಟೆಯ ರುಚಿಯೇ ಬೇರೆ.

ಅಲ್ಲಿ ನಿಮಗೆ ಜಾಸ್ತಿ ಸಿಗುವುದು ಪಿಸಿಸಿ ಅನ್ನುವ ಬಂಡಿ. 1920ರ ದಶಕದ ಕೊನೆಗೆ ಅಮೆರಿಕದಲ್ಲಿ ಮೋಟಾರು ಕಾರು ಮನೆಮನೆಗೆ ಬಂತು. ಟ್ರಾಮ್ ಕಂಪನಿಗಳು ನೆಲಕಚ್ಚತೊಡಗಿದವು. ಆಗ, 1929ರಲ್ಲಿ, ಆ ಕಂಪನಿಗಳ ಅಧ್ಯಕ್ಷರೆಲ್ಲ ಸೇರಿ ಒಂದು ಸಮಿತಿ ಮಾಡಿಕೊಂಡರು. ಕಾರಿನಷ್ಟೇ ಮೆತ್ತಗೆ, ಸದ್ದಿಲ್ಲದೆ, ಚುರುಕಾಗಿ ಓಡುವ ಟ್ರಾಮ್ ಬೇಕು ಅಂತ ಎಂಜಿನಿಯರುಗಳನ್ನು ಕೂರಿಸಿದರು. ಪಿಸಿಸಿ ಅನ್ನುವುದು ಆ ಅಧ್ಯಕ್ಷರ ಸಮಿತಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. 1936ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮೊದಲ ಬಂಡಿಗಳು ಜನರನ್ನು ಹತ್ತಿಸಿಕೊಂಡವು. ಮುಂದಿನ ಹದಿನಾರು ವರ್ಷದಲ್ಲಿ ಉತ್ತರ ಅಮೆರಿಕದಲ್ಲಿ ಸುಮಾರು 5,000 ಕಟ್ಟಿದರು. ಆ ಸಾಲಿನ ಕಟ್ಟಕಡೆಯ ಬಂಡಿ 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೇ ಬಂತು. ಅದರ ನಂಬರು 1040. ಈಗಲೂ ಅದೇ ಊರಿನಲ್ಲಿದೆ.

ನೀವು ಹತ್ತುವ ಪಿಸಿಸಿ ಬಹುಪಾಲು 1946ರಿಂದ 1948ರ ಒಳಗೆ ಕಟ್ಟಿದ್ದು. ನಮ್ಮಲ್ಲಿ ಹಳೇ ವಿಲ್ಲೀಸ್ ಜೀಪು ಇಟ್ಟುಕೊಂಡವರಿಗೆ ಆ ಕಾಲದ ಲೋಹದ ಗಟ್ಟಿತನ ಗೊತ್ತು. ಇದೂ ಅದೇ ಕಾಲದ ಸರಕು.

ಮೇಲೆ ತಂತಿಯಲ್ಲಿ 600 ವೋಲ್ಟಿನ ಡಿಸಿ ಕರೆಂಟು ಇರುತ್ತದೆ. ನಮ್ಮ ರೈಲಿನ ಮೇಲಿನ ತಂತಿಯಲ್ಲಿ 25,000 ವೋಲ್ಟಿನ ಎಸಿ ಇರುತ್ತದಲ್ಲ, ಅದಕ್ಕೆ ಹೋಲಿಸಿದರೆ ಇದು ತುಂಬಾ ಕಡಿಮೆ. ಬಂಡಿಯ ತಲೆಯ ಮೇಲೆ ಒಂದು ಉದ್ದ ಕಂಬ ಹಿಂದಕ್ಕೆ ವಾಲಿಕೊಂಡು ನಿಂತಿರುತ್ತದೆ. ಅದರ ತುದಿ ಸ್ಪ್ರಿಂಗಿನ ಒತ್ತಡದಲ್ಲಿ ತಂತಿಯನ್ನು ಕೆಳಗಿನಿಂದ ಒತ್ತಿಕೊಂಡು ಜಾರುತ್ತಾ ಬರುತ್ತದೆ. ಕರೆಂಟು ಕಂಬದಿಂದ ಇಳಿದು ಮೋಟಾರಿಗೆ ಹೋಗಿ, ಚಕ್ರದ ಮೂಲಕ ಹಳಿಗೆ ಇಳಿದು, ಹಳಿಯಲ್ಲೇ ವಾಪಸ್ ಹೋಗುತ್ತದೆ. ಕಂಬದ ತುದಿಗೆ ಕಟ್ಟಿದ ಹಗ್ಗ ಹಿಂಬದಿಯಲ್ಲಿ ಕೆಳಗೆ ಇಳಿದು ಒಂದು ದುಂಡನೆ ಡಬ್ಬಿಗೆ ಸೇರುತ್ತದೆ. ಕಂಬ ತಂತಿಯಿಂದ ಜಾರಿ ಮೇಲಕ್ಕೆ ಚಿಮ್ಮಿದರೆ ಆ ಡಬ್ಬಿ ತಟ್ಟನೆ ಹಗ್ಗವನ್ನು ಎಳೆದು ಕಂಬವನ್ನು ಕೆಳಗಿಳಿಸುತ್ತದೆ. ಆಮೇಲೆ ಡ್ರೈವರ್ ಇಳಿದು ಹೋಗಿ, ಹಗ್ಗ ಹಿಡಿದು, ತಲೆ ಎತ್ತಿ ನೋಡುತ್ತಾ ಮತ್ತೆ ತಂತಿಗೆ ಕೂರಿಸಬೇಕು. ನಾನು ಹೋದಾಗ ಒಂದು ಸಲ ಹಾಗಾಯಿತು. ಯಾರೂ ಗೊಣಗಲಿಲ್ಲ. ನಾನಂತೂ ಇಳಿದು ಹಿಂದೆ ಹೋಗಿ ನಿಂತು ಪೂರ್ತಿ ನೋಡಿದೆ.

ಈಗ ಡ್ರೈವರ್ ಹಿಂದಿನ ಸೀಟಿಗೆ ಬನ್ನಿ. ಅದು ನಿಮಗೆ ಬೇಕೇ ಬೇಕಾದ ಸೀಟು. ಪಿಸಿಸಿಗೆ ಮೊದಲು ಟ್ರಾಮ್ ಓಡಿಸುತ್ತಿದ್ದುದು ಕೈಯಲ್ಲಿ. ಹಿತ್ತಾಳೆ ಹಿಡಿಕೆಯನ್ನು ಒಂದೊಂದೇ ಗಂಟಿಗೆ ತಿರುಗಿಸಬೇಕು. ನಿಂತ ಮೋಟಾರಿಗೆ ಪೂರ್ತಿ ಕರೆಂಟು ಒಮ್ಮೆಲೇ ಕೊಟ್ಟರೆ ಸುಟ್ಟುಹೋಗುತ್ತದೆ, ಇಲ್ಲವೇ ಬಂಡಿ ಎಗರಿ ಜನ ಬೀಳುತ್ತಾರೆ. ಅದಕ್ಕೆ ಮಧ್ಯೆ ತಡೆ ಹಾಕಿ, ಆ ತಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತೆಗೆಯುತ್ತಾ ಹೋಗಬೇಕು. ಕೈಹಿಡಿಕೆಯಲ್ಲಿ ಅಂಥ ಮೆಟ್ಟಿಲು ಎಂಟೋ ಹತ್ತೋ. ಒಂದೊಂದು ಮೆಟ್ಟಿಲಿಗೂ ಒಂದು ಸಣ್ಣ ಜಗ್ಗು. ಪಿಸಿಸಿ ಮಾಡಿದವರು ಈ ಕೆಲಸವನ್ನು ಕೆಳಗಿಟ್ಟ ಒಂದು ದುಂಡನೆ ಯಂತ್ರಕ್ಕೆ ಕೊಟ್ಟರು. ಅದರಲ್ಲಿ ಸುಮಾರು ನೂರು ಮೆಟ್ಟಿಲು. ಡ್ರೈವರ್ ಕಾಲಿನಲ್ಲಿ ಪೆಡಲ್ ಒತ್ತಿದರೆ ಸಾಕು, ಯಂತ್ರ ತಾನೇ ಸರಸರನೆ ಮೆಟ್ಟಿಲು ಇಳಿಯುತ್ತದೆ. ಅದಕ್ಕೇ ಸುಮಾರು 17 ಟನ್ ತೂಕದ ಬಂಡಿ ಬೆಣ್ಣೆಯಲ್ಲಿ ಜಾರಿದ ಹಾಗೆ ಹೊರಡುತ್ತದೆ.

ಡ್ರೈವರ್ ಕಾಲ ಬಳಿ ನೋಡಿ, ಮೂರು ಪೆಡಲ್ ಇರುತ್ತವೆ. ಒಂದು ವೇಗಕ್ಕೆ, ಒಂದು ಬ್ರೇಕಿಗೆ. ಮೂರನೆಯದನ್ನು ಯಾವಾಗಲೂ ಒತ್ತಿ ಹಿಡಿದಿರಬೇಕು. ಡ್ರೈವರ್‌ಗೆ ತಲೆಸುತ್ತು ಬಂದು ಕಾಲು ಸಡಿಲವಾದರೆ ಬಂಡಿ ತಾನಾಗಿ ನಿಲ್ಲುತ್ತದೆ.

ಬ್ರೇಕಿನ ಕಥೆ ಇನ್ನೂ ಚೆನ್ನಾಗಿದೆ. ಮೊದಲು ಮೋಟಾರುಗಳೇ ಡೈನಮೋ ಆಗಿ ತಿರುಗಿ ಬಂಡಿಯನ್ನು ಹಿಡಿಯುತ್ತವೆ. ಸಂಪಾಜೆ ಘಾಟಿ ಇಳಿಯುವಾಗ ಗೇರಿನಲ್ಲೇ ಬಸ್ಸು ತಡೆಯುತ್ತಾರಲ್ಲ, ಸುಮಾರು ಹಾಗೆ. ವೇಗ ಪೂರ್ತಿ ಇಳಿದ ಮೇಲೆ ಡ್ರಮ್ ಬ್ರೇಕ್ ಹಿಡಿದು ನಿಲ್ಲಿಸುತ್ತದೆ. ಯಾರಾದರೂ ತಟ್ಟನೆ ಅಡ್ಡ ಬಂದರೆ ಮೂರನೆಯ ಬ್ರೇಕ್ ಇದೆ. ಚಕ್ರಗಳ ನಡುವೆ ಉದ್ದನೆ ವಿದ್ಯುತ್ ಅಯಸ್ಕಾಂತಗಳು ತೂಗುತ್ತಿರುತ್ತವೆ. ಅವು ಬ್ಯಾಟರಿ ಕರೆಂಟಿನಲ್ಲಿ ನೇರ ಹಳಿಗೇ ಕಚ್ಚಿಕೊಳ್ಳುತ್ತವೆ. ಆಗ ಬರುವ ‘ಧಡ್’ ಶಬ್ದ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಚಕ್ರದ ಒಳಗೂ ಒಂದು ಜಾಣತನ ಇದೆ. ಹೊರಗಿನ ಉಕ್ಕಿನ ಪಟ್ಟಿಗೂ ಒಳಗಿನ ಗುಂಬಕ್ಕೂ ನಡುವೆ ರಬ್ಬರ್ ತೂರಿಸಿದ್ದಾರೆ. ಹಳಿಯ ಗಡಗಡ ಮೇಲಕ್ಕೆ ಬರುವುದು ಕಡಿಮೆ.

ಇಷ್ಟೂ ಈಗಲೂ ಅದೇ ರಚನೆಯಲ್ಲಿ ಕೆಲಸ ಮಾಡುತ್ತಿದೆ. ರಿಪೇರಿ ಅಂದರೆ ಬಣ್ಣ ಬಳಿಯುವುದಲ್ಲ. ಬಂಡಿಯನ್ನು ಅಸ್ಥಿಪಂಜರದವರೆಗೆ ಬಿಚ್ಚುತ್ತಾರೆ. ತುಕ್ಕು ತಿಂದ ತಗಡು ಕತ್ತರಿಸಿ ಹೊಸದು ಬೆಸೆಯುತ್ತಾರೆ. ತಂತಿಯೆಲ್ಲ ಹೊಸದಾಗಿ ಎಳೆಯುತ್ತಾರೆ. ಮೋಟಾರು ಬಿಚ್ಚಿ ಸರಿಪಡಿಸುತ್ತಾರೆ. ಈ ಬಂಡಿಗಳಲ್ಲಿ ಹಲವನ್ನು ದೇಶದ ಇನ್ನೊಂದು ತುದಿಗೆ, ಪೆನ್ಸಿಲ್ವೇನಿಯಾದ ಬ್ರೂಕ್‌ವಿಲ್ ಅನ್ನುವ ಕಾರ್ಖಾನೆಗೆ ಕಳಿಸಿ ಮಾಡಿಸಿದ್ದಾರೆ. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದು: ತಗಡು, ತಂತಿ, ಸೀಟು ಹೊಸದಿರಬಹುದು. ಓಡುವ ರೀತಿ ಹಳೆಯದೇ. ರೈಲು ಪ್ರೀತಿಸುವವನಿಗೆ ಬೇಕಾದ್ದು ಆ ಓಡುವ ರೀತಿ.

ಒಂದೊಂದು ಪಿಸಿಸಿಗೂ ಒಂದೊಂದು ಊರಿನ ಬಣ್ಣ ಹಾಕಿದ್ದಾರೆ. ಷಿಕಾಗೋ, ಬಾಸ್ಟನ್, ಲಾಸ್ ಏಂಜಲೀಸ್, ಮೆಕ್ಸಿಕೋ ಸಿಟಿ, ಹೀಗೆ ಹಿಂದೆ ಪಿಸಿಸಿ ಓಡಿಸಿದ ಊರುಗಳವು. ಅದು ಬಹಳ ಹೃದಯದಿಂದ ಮಾಡಿದ ಕೆಲಸ ಅಂತ ನನಗೆ ಅನ್ನಿಸುತ್ತದೆ. ತಮ್ಮ ಊರಿನಲ್ಲಿ ಟ್ರಾಮ್ ಕಳೆದುಕೊಂಡ ಮುದುಕರು ಇಲ್ಲಿಗೆ ಬಂದು ಆ ಬಣ್ಣದ ಎದುರು ಫೋಟೋ ತೆಗೆಸಿಕೊಳ್ಳುವುದನ್ನು ನೋಡಿದ್ದೇನೆ.

ಪಿಸಿಸಿ ಜೊತೆಗೆ ಇಟಲಿಯ ಮಿಲಾನ್‌ನಿಂದ ತಂದ 1928ರ ಬಂಡಿಗಳೂ ಇವೆ. ಅದು ಸಿಕ್ಕಿದರೆ ನಿಮ್ಮ ಅದೃಷ್ಟ. ಒಳಗೆಲ್ಲ ಮರ. ಎರಡು ಬದಿಗೂ ಉದ್ದನೆ ಮರದ ಬೆಂಚು, ಎದುರುಬದುರು ಕೂರಬೇಕು. ಇಟಾಲಿಯನ್ ಭಾಷೆಯ ಸೂಚನೆಗಳು ಈಗಲೂ ಹಾಗೇ ಇವೆ. ಇದನ್ನು ಓಡಿಸುವುದು ಕೈಹಿಡಿಕೆಯಲ್ಲಿ, ಬ್ರೇಕು ಗಾಳಿಯದು. ಬೇಕಾದರೆ ಕಣ್ಣು ಮುಚ್ಚಿ ಕೂರಿ. ಗಂಟು ಗಂಟಿಗೆ ಸಣ್ಣ ಜಗ್ಗು, ಗಾಳಿ ಬಿಡುವ ‘ಚುಸ್’, ಕೆಳಗೆ ಕಂಪ್ರೆಸರ್ ಬಡಿತ. ಪಿಸಿಸಿ ಯಾಕೆ ಬೇಕಾಯಿತು ಅಂತ ಈ ಬಂಡಿಯಲ್ಲಿ ಕೂತಾಗ ಮೈಗೇ ಗೊತ್ತಾಗುತ್ತದೆ. ಈ ವಿನ್ಯಾಸಕ್ಕೆ ಪೀಟರ್ ವಿಟ್ ಅಂತ ಹೆಸರು. ಆತ ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಸಾರಿಗೆ ಅಧಿಕಾರಿ. ಮುಂದೆ ಹತ್ತಿ ನಡುಬಾಗಿಲಲ್ಲಿ ಇಳಿಯುವ ಏರ್ಪಾಟು ಅವನದು. ಕಂಡಕ್ಟರ್ ಜನರ ಹತ್ತಿರ ಹೋಗುವುದಿಲ್ಲ, ಜನವೇ ಅವನ ಮುಂದೆ ಹಾದು ದುಡ್ಡು ಕೊಟ್ಟು ಹೋಗಬೇಕು. ಅಮೆರಿಕದ ವಿನ್ಯಾಸ ಇಟಲಿಗೆ ಹೋಗಿ, ಅಲ್ಲಿ ಬಂಡಿಯಾಗಿ, ಮತ್ತೆ ಅಮೆರಿಕಕ್ಕೆ ಬಂದಿದೆ. ಮಿಲಾನ್ ಊರಿನಲ್ಲೂ ಇದೇ ಬಂಡಿಗಳು ಇನ್ನೂ ದುಡಿಯುತ್ತಿವೆ.

ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಿಂದ ತಂದ 1934ರ ದೋಣಿಯಾಕಾರದ, ಮೇಲ್ಛಾವಣಿ ಇಲ್ಲದ ಟ್ರಾಮ್ ಕೂಡ ಅವರಲ್ಲಿದೆ. ಅದು ಅಪರೂಪಕ್ಕೆ ಮಾತ್ರ ಹೊರಬರುತ್ತದೆ. ಅದನ್ನೇ ನಂಬಿಕೊಂಡು ಹೋಗಬೇಡಿ.

ಇಷ್ಟೆಲ್ಲ ಆ ಊರಿನಲ್ಲೇ ಯಾಕೆ ಉಳಿಯಿತು? ಇದರಲ್ಲಿ ಅರ್ಧ ಅದೃಷ್ಟ, ಅರ್ಧ ಜನರ ಹಟ. 1982ರಲ್ಲಿ ಮಾರ್ಕೆಟ್ ಸ್ಟ್ರೀಟಿನ ಟ್ರಾಮ್‌ಗಳೆಲ್ಲ ನೆಲದೊಳಗಿನ ಸುರಂಗಕ್ಕೆ ಇಳಿದವು. ಮೇಲಿನ ಹಳಿ ಖಾಲಿ ಬಿತ್ತು. ಅದೇ ವರ್ಷ ಬೀದಿಯ ಕೆಳಗಿನ ಹಗ್ಗ ಹಿಡಿದು ಓಡುವ, ಊರಿನ ಹೆಸರಾದ ಕೇಬಲ್ ಕಾರುಗಳನ್ನು ದೊಡ್ಡ ರಿಪೇರಿಗೆ ನಿಲ್ಲಿಸಿದ್ದರು. ಪ್ರವಾಸಿಗರಿಗೆ ಏನಾದರೂ ಬೇಕಲ್ಲ? 1983ರ ಬೇಸಿಗೆಯಲ್ಲಿ ಖಾಲಿ ಹಳಿಯ ಮೇಲೆ ಹಳೇ ಟ್ರಾಮ್‌ಗಳ ಒಂದು ಉತ್ಸವ ಮಾಡಿದರು. ಒಂದು ಬೇಸಿಗೆಗೆ ಅಂತ ಶುರುವಾದದ್ದು 1987ರವರೆಗೆ ನಡೆಯಿತು. ಜನ ಬಿಡಲಿಲ್ಲ. 1995ರ ಸೆಪ್ಟೆಂಬರ್ 1ರಂದು ಅದು ಕಾಯಂ ಮಾರ್ಗವಾಯಿತು.

ಸಮುದ್ರದಂಡೆಯ ಅರ್ಧ ಭಾಗ ಬಂದದ್ದು ಭೂಕಂಪದಿಂದ. ಅಲ್ಲಿ ದಂಡೆಯ ಉದ್ದಕ್ಕೂ ಎರಡಂತಸ್ತಿನ ಕಾಂಕ್ರೀಟ್ ಹೆದ್ದಾರಿ ಇತ್ತು. ಊರಿಗೂ ನೀರಿಗೂ ನಡುವೆ ಗೋಡೆಯ ಹಾಗೆ. 1989ರ ಅಕ್ಟೋಬರ್ ಭೂಕಂಪದಲ್ಲಿ ಅದಕ್ಕೆ ಪೆಟ್ಟು ಬಿತ್ತು. ಮತ್ತೆ ಕಟ್ಟುವುದು ಬೇಡ ಅಂತ ತೀರ್ಮಾನ ಮಾಡಿ 1991ರಲ್ಲಿ ಕೆಡವಿದರು. ಆ ಜಾಗದಲ್ಲಿ ತಾಳೆಮರದ ಸಾಲು ನೆಟ್ಟು, ನಡುವೆ ಟ್ರಾಮ್ ಹಳಿ ಹಾಕಿದರು. 2000ದಲ್ಲಿ ಎಫ್ ಲೈನ್ ಬಂದರಿನವರೆಗೆ ಹೋಯಿತು. ನೀವು ಆ ದಂಡೆಯಲ್ಲಿ ಹೋಗುವಾಗ ಬಲಕ್ಕೆ ನೀರು, ಹಡಗುಕಟ್ಟೆ ಕಾಣುತ್ತವೆ. ಹೆದ್ದಾರಿ ಇದ್ದಾಗ ಇದ್ಯಾವುದೂ ಊರಿನ ಕಡೆಯಿಂದ ಕಾಣುತ್ತಿರಲಿಲ್ಲ. ಕೋವಿಡ್ ಕಾಲದಲ್ಲಿ ಟ್ರಾಮ್ ನಿಂತಿತ್ತು. 2021ರಲ್ಲಿ ಮತ್ತೆ ಹೊರಟಿತು.

ಇದನ್ನು ಬರೆಯುವಾಗ ನಮ್ಮ ಕೋಲ್ಕತ್ತ ನೆನಪಾಗುತ್ತದೆ, ಬೇಜಾರೂ ಆಗುತ್ತದೆ. ಅಲ್ಲಿ 1873ರಲ್ಲೇ ಕುದುರೆ ಎಳೆಯುವ ಟ್ರಾಮ್ ಬಂದಿತ್ತು. 1902ರಲ್ಲಿ ವಿದ್ಯುತ್ ಟ್ರಾಮ್. ಮದ್ರಾಸಿನಲ್ಲಿ ಅದಕ್ಕೂ ಮೊದಲು, 1895ರಲ್ಲೇ ವಿದ್ಯುತ್ ಟ್ರಾಮ್ ಓಡಿತು. ಅದು 1953ರಲ್ಲಿ ನಿಂತಿತು. ಮುಂಬೈಯದು 1964ರಲ್ಲಿ. ಉಳಿದದ್ದು ಕೋಲ್ಕತ್ತ ಒಂದೇ. 2024ರಲ್ಲಿ ಅಲ್ಲಿಯ ಸರ್ಕಾರ ಎಸ್‌ಪ್ಲನೇಡ್–ಮೈದಾನ್ ನಡುವಿನ ಒಂದು ತುಂಡು ಮಾತ್ರ ಪರಂಪರೆಯ ಹೆಸರಲ್ಲಿ ಉಳಿಸಿ ಬಾಕಿ ನಿಲ್ಲಿಸುವುದಾಗಿ ಹೇಳಿತು. ನಿಮ್ಮ ಅಳಿಯ ‘ಶೋ’ ಅನ್ನುವ ಮಾತನ್ನು ಅಂಥ ತುಂಡಿಗೆ ಹೇಳಿದರೆ ನಾನು ಒಪ್ಪಿಯೇನು. ಎಲ್ಲಿಗೂ ಹೋಗಬೇಕಾಗಿಲ್ಲದವರನ್ನು ಹತ್ತಿಸಿಕೊಂಡು ಒಂದು ಸುತ್ತು ಬರುವ ಬಂಡಿಗೂ, ಆಫೀಸಿಗೆ ತಡವಾದವನು ಓಡಿ ಬಂದು ಹತ್ತುವ ಬಂಡಿಗೂ ಬಹಳ ವ್ಯತ್ಯಾಸ ಇದೆ.

ಈಗ ದಿನದ ಲೆಕ್ಕ. ಫ್ರೀಮಾಂಟಿನಿಂದ ಕಾರಿನಲ್ಲಿ ಹೋಗಬೇಡಿ. ನಿಮ್ಮಂಥವರಿಗೆ ದಾರಿಯೇ ಅರ್ಧ ಹಬ್ಬ. ಅಲ್ಲಿಂದ ಬಾರ್ಟ್ ಅನ್ನುವ ರೈಲು ನೇರ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತದೆ, ಒಂದು ಗಂಟೆಯ ಒಳಗೆ. ಫ್ರೀಮಾಂಟ್ ನಿಲ್ದಾಣ 1972ರಲ್ಲಿ ಬಾರ್ಟ್ ಶುರುವಾದಾಗಿನ ಮೊದಲ ತುಂಡಿನಲ್ಲೇ ಇದ್ದದ್ದು. ಪ್ಲಾಟ್‌ಫಾರ್ಮಿನಲ್ಲಿ ನಿಂತು ಹಳಿ ನೋಡಿ. ಅಗಲ ಜಾಸ್ತಿ ಅನ್ನಿಸುತ್ತದಾ? ಅಮೆರಿಕದ ಬೇರೆ ರೈಲುಗಳದು 1,435 ಮಿಲಿಮೀಟರ್. ಬಾರ್ಟಿನದು 1,676. ಅಂದರೆ ನಮ್ಮ ಮೈಸೂರು ಸ್ಟೇಷನ್ನಿನ ಬ್ರಾಡ್‌ಗೇಜ್! ಅಷ್ಟು ದೂರ ಹೋಗಿ ನಮ್ಮದೇ ಅಳತೆಯ ಹಳಿ ಕಂಡಾಗ ನನಗೆ ಆದ ಸಂತೋಷ ಹೇಳಲು ಬರುವುದಿಲ್ಲ. ಸಮುದ್ರದ ತಳದಲ್ಲಿ ಇಟ್ಟ ಸುಮಾರು 5.8 ಕಿಲೋಮೀಟರ್ ಉದ್ದದ ಕೊಳವೆಯೊಳಗೆ ಆ ರೈಲು ಕೊಲ್ಲಿ ದಾಟುತ್ತದೆ. ಕಿವಿಗೆ ಜೋರು ಶಬ್ದ ಬರುತ್ತದೆ, ಹೆದರಬೇಡಿ.

ಎಂಬಾರ್ಕಡೆರೋ ನಿಲ್ದಾಣದಲ್ಲಿ ಇಳಿಯಿರಿ. ಆದರೆ ಅಲ್ಲೇ ಮೇಲೆ ಬಂದು ಎಫ್ ಲೈನ್ ಹತ್ತಬೇಡಿ. ಅದು ಮಾರ್ಗದ ನಡುವಿನ ಜಾಗ, ಸೀಟು ಸಿಗುವುದು ಕಷ್ಟ. ಮೇಲಿನ ಹಜಾರಕ್ಕೆ ಬಂದು ಬಾರ್ಟಿನ ಗೇಟು ದಾಟಿ, ಮತ್ತೆ ಒಂದು ಅಂತಸ್ತು ಕೆಳಗಿಳಿಯಿರಿ. ಅಲ್ಲಿ ಊರಿನದೇ ಸಾರಿಗೆ ಸಂಸ್ಥೆಯ ‘ಮುನಿ’ ಮೆಟ್ರೋ ಇದೆ. ಅದರಲ್ಲಿ ಕ್ಯಾಸ್ಟ್ರೋ ನಿಲ್ದಾಣಕ್ಕೆ ಹೋಗಿ. ಮಾರ್ಕೆಟ್ ಸ್ಟ್ರೀಟ್ ಕೆಳಗೆ ತಳದಲ್ಲಿ ಬಾರ್ಟ್, ಅದರ ಮೇಲೆ ಮುನಿ ಮೆಟ್ರೋ, ಬೀದಿಯ ಮೇಲೆ ಹಳೇ ಟ್ರಾಮ್. ಮೂರು ಅಂತಸ್ತಿನ ರೈಲು. ಜಿಲ್ಲೆಯಲ್ಲಿ ಒಂದು ಅಂತಸ್ತಿನ ಹಳಿಯೂ ಇಲ್ಲದ, ರೈಲಿಗೆ ಅಂತ ಮೈಸೂರಿಗೋ ತಲಶ್ಶೇರಿಗೋ ಇಳಿಯುವ ನಮಗೆ ಇದು ಕನಸಿನ ಊರು.

ಕ್ಯಾಸ್ಟ್ರೋದಲ್ಲಿ ಮೇಲೆ ಬಂದರೆ ಟ್ರಾಮ್ ಸುತ್ತಿಕೊಂಡು ತಿರುಗುವ ಜಾಗ ಇದೆ. ಪಿಸಿಸಿಗಳಲ್ಲಿ ಬಹಳಷ್ಟಕ್ಕೆ ಒಂದೇ ಕಡೆ ಡ್ರೈವರ್ ಜಾಗ. ಹಾಗಾಗಿ ಹಳಿಯೇ ಸುತ್ತು ಹಾಕಿಸಿ ಬಂಡಿಯನ್ನು ತಿರುಗಿಸುತ್ತದೆ. ಆ ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜಿ ಕಿರುಚುವುದನ್ನು ಕೇಳಿ. ಬಂಡಿ ಅಲ್ಲಿ ಖಾಲಿ ಇರುತ್ತದೆ. ಬೇಕಾದ ಸೀಟು ಹಿಡಿಯಬಹುದು. ವಾರದ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಮೊದಲು ಬಂದ ಬಂಡಿಗೇ ಹತ್ತಬೇಕು ಅಂತೇನಿಲ್ಲ. ಎರಡು ಬಿಟ್ಟು ಮೂರನೆಯದಕ್ಕೆ ಕಾಯಿರಿ. ಮಿಲಾನ್ ಬಂಡಿ ಬಂದರೂ ಬರಬಹುದು.

ಅಲ್ಲಿಂದ ಫೆರ್ರಿ ಬಿಲ್ಡಿಂಗ್‌ವರೆಗೆ ಹೋಗಿ ಇಳಿಯಿರಿ. ಗಡಿಯಾರದ ಗೋಪುರ ಇರುವ 1898ರ ಕಟ್ಟಡ. 1906ರ ದೊಡ್ಡ ಭೂಕಂಪದಲ್ಲೂ ಬೀಳಲಿಲ್ಲ. ಊಟಕ್ಕೆ ಅದರೊಳಗೇ ಅಂಗಡಿಗಳಿವೆ. ಎದುರಿಗೆ ಸ್ಟೂವರ್ಟ್ ಸ್ಟ್ರೀಟಿನಲ್ಲಿ ಒಂದು ಪುಟ್ಟ ಟ್ರಾಮ್ ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ. ಟ್ರಾಮ್‌ಗಳ ಬೆನ್ನಿಗೆ ನಿಂತ ಮಾರ್ಕೆಟ್ ಸ್ಟ್ರೀಟ್ ರೈಲ್ವೆ ಅನ್ನುವ ಜನರ ಸಂಘ ನಡೆಸುವುದು. ಅಲ್ಲಿ ಹೋಗಿ ಮಾತಾಡಿಸಿ. ರೈಲಿನ ಹುಚ್ಚಿರುವವರಿಗೆ ಭಾಷೆ ಅಡ್ಡ ಬರುವುದಿಲ್ಲ. ಊಟವಾದ ಮೇಲೆ ಮತ್ತೆ ಹತ್ತಿ ಬಂದರಿನವರೆಗೆ ಹೋಗಿ.

ಒಂದು ಎಚ್ಚರಿಕೆ. ಪವೆಲ್ ಸ್ಟ್ರೀಟಿನ ಮೂಲೆಯಲ್ಲಿ ಉದ್ದ ಕ್ಯೂ ಕಂಡರೆ ಅದೇ ಹಳೇ ಟ್ರಾಮ್ ಅಂದುಕೊಳ್ಳಬೇಡಿ. ನಾನು ಮೊದಲ ಸಲ ಹಾಗೆ ಅಂದುಕೊಂಡು ಒಂದೂವರೆ ಗಂಟೆ ಕಳೆದೆ. ಅದು ಕೇಬಲ್ ಕಾರು. ಅದರಲ್ಲಿ ಮೋಟಾರೇ ಇಲ್ಲ. ಬೀದಿಯ ಕೆಳಗೆ ಉಕ್ಕಿನ ಹಗ್ಗ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಯಾವಾಗಲೂ ಓಡುತ್ತಿರುತ್ತದೆ. ಡ್ರೈವರ್ ದೊಡ್ಡ ಇಕ್ಕಳದಲ್ಲಿ ಅದನ್ನು ಹಿಡಿದರೆ ಬಂಡಿ ಹೋಗುತ್ತದೆ, ಬಿಟ್ಟು ಬ್ರೇಕ್ ಹಾಕಿದರೆ ನಿಲ್ಲುತ್ತದೆ. ಕುದುರೆ ಹತ್ತಲಾಗದ ಗುಡ್ಡಗಳಿಗೆ ಅಂತ ಆಂಡ್ರ್ಯೂ ಹ್ಯಾಲಿಡಿ 1873ರಲ್ಲಿ ಶುರು ಮಾಡಿದ್ದು. ಅದೂ ನೋಡಬೇಕಾದ್ದೇ. ಆದರೆ ಟಿಕೆಟ್ ಟ್ರಾಮಿನ ಎರಡು ಪಟ್ಟಿಗಿಂತ ಜಾಸ್ತಿ, ಮತ್ತು ನಿಮ್ಮವರ ಮಂಡಿಗೆ ಅದರ ಮೆಟ್ಟಿಲು, ಅಷ್ಟು ಹೊತ್ತು ನಿಲ್ಲುವುದು ಎರಡೂ ಕಷ್ಟ. ಬದಲಿಗೆ ಕೇಬಲ್ ಕಾರ್ ಮ್ಯೂಸಿಯಂಗೆ ಹೋಗಿ. ಊರಿನ ಅಷ್ಟೂ ಹಗ್ಗವನ್ನು ಎಳೆಯುವ ದೈತ್ಯ ಗಾಲಿಗಳು ತಿರುಗುವುದು ಅಲ್ಲಿ ಕಣ್ಣೆದುರೇ ಕಾಣುತ್ತದೆ. ಅದಕ್ಕೂ ದುಡ್ಡಿಲ್ಲ.

ಮಂಡಿನೋವಿನ ಮಾತಿಗೆ ಬರುತ್ತೇನೆ. ಪಿಸಿಸಿಯ ಮೆಟ್ಟಿಲು ನಮ್ಮ ಹಳೇ ಬಸ್ಸಿನಷ್ಟೇ ಎತ್ತರ. ಹಿಡಿದುಕೊಳ್ಳಲು ಕಂಬ ಇರುತ್ತದೆ. ಆದರೆ ಕೆಲವು ನಿಲ್ದಾಣಗಳಲ್ಲಿ ಗಾಲಿಕುರ್ಚಿಯವರಿಗೆ ಅಂತ ಇಳಿಜಾರಿನ ಎತ್ತರದ ಕಟ್ಟೆ ಕಟ್ಟಿದ್ದಾರೆ. ಅದರ ಮೇಲೆ ನಿಂತರೆ ಬಂಡಿಯ ನೆಲಕ್ಕೆ ಸಮ. ಡ್ರೈವರ್‌ಗೆ ಕೈ ತೋರಿಸಿ ಕೇಳಿದರೆ ಮುಂದೆ ಬಂದು ಅಲ್ಲಿ ನಿಲ್ಲಿಸಿ, ಸೇತುವೆಯ ಹಾಗೆ ಹಲಗೆ ಹಾಕಿಕೊಡುತ್ತಾರೆ. ಕೇಳಲು ಸಂಕೋಚ ಬೇಡ. ಮುಂದಿನ ಸೀಟುಗಳು ಹಿರಿಯರಿಗೇ ಮೀಸಲು, ಹಾಗಾಗಿ ಡ್ರೈವರ್ ಹಿಂದಿನ ಜಾಗ ನಿಮ್ಮಿಬ್ಬರಿಗೂ ಸಲೀಸು.

ಮಗಳ ಹತ್ತಿರ ಕ್ಲಿಪ್ಪರ್ ಕಾರ್ಡ್ ಮಾಡಿಸಿಕೊಳ್ಳಿ. ಬಾರ್ಟ್, ಮೆಟ್ರೋ, ಟ್ರಾಮ್ ಎಲ್ಲಕ್ಕೂ ಒಂದೇ ಕಾರ್ಡ್ ನಡೆಯುತ್ತದೆ. 65 ದಾಟಿದವರಿಗೆ ಕಡಿಮೆ ದರ ಇದೆ. ಸೆಪ್ಟೆಂಬರ್ ಅಲ್ಲಿ ಒಳ್ಳೆಯ ಕಾಲ, ಬಿಸಿಲು ಇರುತ್ತದೆ. ಆದರೂ ಸಂಜೆ ಸಮುದ್ರದಿಂದ ಮಂಜು ಏರಿ ಬಂದರೆ ಮಡಿಕೇರಿಯ ರಾಜಾಸೀಟ್‌ನಲ್ಲಿ ನಿಂತ ಹಾಗೆ ಚಳಿ. ಸ್ವೆಟರ್ ಬ್ಯಾಗಿನಲ್ಲಿರಲಿ.

ಹೊರಡುವ ಮೊದಲು ಒಂದು ದಿನ ಬಿಡುವಿದ್ದರೆ ಮೈಸೂರಿನ ರೈಲ್ ಮ್ಯೂಸಿಯಂಗೆ ಹೋಗಿ ಬನ್ನಿ. 1979ರಲ್ಲಿ ಶುರುವಾದದ್ದು. ಅಲ್ಲಿ ಮಹಾರಾಣಿಯವರ 1899ರ ಬೋಗಿ ಇದೆ. ಎಷ್ಟು ಚೆನ್ನಾಗಿ ಇಟ್ಟಿದ್ದಾರೆ! ಆದರೆ ಅದು ನಿಂತಿದೆ. ಅದನ್ನು ನೋಡಿದ ಕಣ್ಣಲ್ಲೇ ಮಾರ್ಕೆಟ್ ಸ್ಟ್ರೀಟಿನಲ್ಲಿ ಗಂಟೆ ಬಾರಿಸುತ್ತಾ ಬರುವ ಬಂಡಿಯನ್ನು ನೋಡಿ.

ಹತ್ತಿದ ಬಂಡಿಯ ನಂಬರನ್ನು ತಪ್ಪದೆ ಬರೆದುಕೊಳ್ಳಿ. ಮುಂದೆಯೇ ದೊಡ್ಡದಾಗಿ ಬರೆದಿರುತ್ತದೆ. 1006ರಿಂದ 1015ರ ಒಳಗಿದ್ದರೆ ಅದು ಆ ಊರಿನದೇ, ಎರಡೂ ತುದಿಯಲ್ಲಿ ಓಡಿಸಬಹುದಾದ ಬಂಡಿ. 1050ರ ಸಾಲಿನದಾದರೆ ಫಿಲಡೆಲ್ಫಿಯಾದಲ್ಲಿ ದುಡಿದು ಬಂದದ್ದು. 1070ರ ಸಾಲಾದರೆ ಮಿನಿಯಾಪೊಲಿಸ್‌ಗೆ ಅಂತ ಕಟ್ಟಿ, ಆಮೇಲೆ ನ್ಯೂವಾರ್ಕ್‌ನಲ್ಲಿ 2001ರವರೆಗೆ ಓಡಿದ್ದು. 18ರಿಂದ ಶುರುವಾದರೆ ಮಿಲಾನ್. 1040 ಸಿಕ್ಕಿದರೆ ನನಗೊಂದು ಕಾಗದ ಬರೆಯಿರಿ. ಎರಡು ಸಲ ಹೋದರೂ ನನಗೆ ಅದು ಸಿಗಲಿಲ್ಲ.